ಮೂರನೇ ಕೋಣೆಯ ಕಲ್ಲು

ಅಕ್ಟೋಬರ್ 4, ಶನಿವಾರ

ಬಂದು ಸೇರಿದೆ. ಕಾಲ್ಡರ್ ಸ್ಪ್ರಿಂಗ್ಸ್ ಅಂತ ಹೆಸರೇನೋ ದೊಡ್ಡದು, ಊರು ಮಾತ್ರ ಅಂಗೈಯಷ್ಟು. ಒಂದು ಪೋಸ್ಟಾಫೀಸು, ಒಂದು ಚರ್ಚು, ಮೇಕೆ ಕುದುರೆಗೆ ಮೇವು ಮಾರುವ ಅಂಗಡಿ, ಹಳ್ಳದ ದಂಡೆಯಲ್ಲಿ ನಾಲ್ಕು ಬೆಂಚಿನ ಪಾರ್ಕು. ಆಸ್ಟಿನ್ ಒಂದು ಗಂಟೆ ದೂರ ಅಂತೆ, ನೋಡಿದರೆ ನೂರು ವರ್ಷ ದೂರ ಇದ್ದ ಹಾಗಿದೆ.

ಇವರು ಇರ್ವಿಂಗಿನಿಂದ ಮೂರು ಗಂಟೆ ಡ್ರೈವ್ ಮಾಡಿಕೊಂಡು ಬಂದು ಬಿಟ್ಟು, ಕಾಫಿ ಕುಡಿದು, ಕೂತ ಕುರ್ಚಿ ಬಿಸಿಯಾಗುವ ಮುಂಚೆ ಹೊರಟರು. ನಾಳೆ ಒಂದು ಗೃಹಪ್ರವೇಶ ಮಾಡಿಸಬೇಕಂತೆ. ನೈವೇದ್ಯದ ಅಡುಗೆಗೆ ನಾನಿಲ್ಲ, ಯಾರು ಮಾಡುತ್ತಾರೋ. ಹೋಗುವಾಗ ಹೇಳಿದ್ದು ಒಂದೇ ಮಾತು: "ಏನೇ ಆದರೂ ನನ್ನನ್ನು ಕೇಳಿ ಮಾಡು." ಸರಿ ಅಂದೆ. ಇಪ್ಪತ್ತೇಳು ವರ್ಷದಿಂದ ಕೇಳಿಯೇ ಮಾಡಿದ್ದೇನೆ.

ಮಗಳು ಗಾರ್ಗಿಯ ಎಡಗಾಲಿಗೆ ಪ್ಲಾಸ್ಟರ್. "ಗವಿ ಒಳಗೆ ಬಿದ್ದಿದ್ದರೆ ಮರ್ಯಾದೆ ಇರ್ತಿತ್ತಮ್ಮ, ಅಪಾರ್ಟ್‌ಮೆಂಟ್ ಮೆಟ್ಟಿಲ ಮೇಲೆ ಬಿದ್ದೆ" ಅಂತಾಳೆ. ನಗುತ್ತಾಳೆ, ಆದರೆ ಕಣ್ಣು ಊದಿದೆ. ಮೂರು ವರ್ಷದಿಂದ ಆಸ್ಟಿನ್ ಯೂನಿವರ್ಸಿಟಿಯಲ್ಲಿ ಓದುತ್ತಿರುವುದು ಇಲ್ಲಿಯ ಗವಿಗಳ ನೀರನ್ನು. ಡಿಸೆಂಬರ್ ಹತ್ತರವರೆಗೆ ವಾರವಾರ ಒಳಗಿಳಿದು ಅಳತೆ ತೆಗೆದರೆ ಡಾಕ್ಟರೇಟು. ಒಂದು ವಾರ ತಪ್ಪಿದರೂ ಇನ್ನೊಂದು ವರ್ಷವಂತೆ. ಇನ್ನೊಂದು ವರ್ಷಕ್ಕೆ ಯೂನಿವರ್ಸಿಟಿ ದುಡ್ಡು ಕೊಡುವುದಿಲ್ಲವಂತೆ.

ನಾನು ಬಂದದ್ದು ಅಡುಗೆಗೆ. ಮಾತಾಡಲು ಇಲ್ಲಿ ಜನ ಇಲ್ಲ, ಅದಕ್ಕೆ ಈ ನೋಟ್‌ಬುಕ್ಕು.

ಅಕ್ಟೋಬರ್ 6, ಸೋಮವಾರ

ಗಾರ್ಗಿ ಜೊತೆ ಕೆಲಸ ಮಾಡುವ ನೆಕೇಸಾ ಬಂದಳು. ಕೀನ್ಯಾ ದೇಶದವಳು, ಮೂವತ್ತು ವರ್ಷ, ಎತ್ತರದ ಆಳು. ಬಾಗಿಲಲ್ಲೇ ನನ್ನ ಎರಡೂ ಕೈ ಹಿಡಿದು "ಮಾಮಾ ಗಾರ್ಗಿ!" ಅಂದಳು. ಅವರ ಕಡೆ ತಾಯಂದಿರನ್ನು ಮಗುವಿನ ಹೆಸರು ಸೇರಿಸಿ ಹಾಗೆ ಕರೆಯುವುದಂತೆ. ನಮ್ಮಲ್ಲಿ ಮಾಮ ಅಂದರೆ ಮೀಸೆ ಇರಬೇಕು ಅಂತ ಗಾರ್ಗಿ ಹೇಳಿದಳು. ನೆಕೇಸಾ ನನ್ನ ಮೂಗಿನ ಕೆಳಗೆ ಬಗ್ಗಿ ನೋಡಿ, "ಪರವಾಗಿಲ್ಲ, ಬೆಳೆಯುತ್ತೆ" ಅಂದಳು. ಬಂದ ಹತ್ತು ನಿಮಿಷಕ್ಕೇ ಈ ಸಲಿಗೆ.

ಕಷ್ಟ ಇದು: ಗವಿಗೆ ಒಬ್ಬರೇ ಇಳಿಯಬಾರದು ಅಂತ ಕಟ್ಟುನಿಟ್ಟು. ಗಾರ್ಗಿ ಇಳಿಯುವಂತಿಲ್ಲ. ಬೇರೆ ಹುಡುಗರು ಯಾರೂ ಇಷ್ಟು ದಿನ ಖಾಲಿ ಇಲ್ಲ. ಇಬ್ಬರೂ ತಲೆ ಮೇಲೆ ಕೈ ಹೊತ್ತು ಕೂತರು.

ದೀಪ ಹಿಡಿಯೋಕೆ ಒಂದು ಜನ ತಾನೇ ಬೇಕಾಗಿರೋದು, ನಾನು ಬರುತ್ತೇನೆ ಅಂದೆ.

"ಅಮ್ಮಾ, ತೆವಳಬೇಕು. ಹೊಟ್ಟೆ ಮೇಲೆ."

"ನಮ್ಮೂರಲ್ಲಿ ಅಟ್ಟದ ಮೂಲೆಯಿಂದ ಹುಣಸೆಹಣ್ಣಿನ ಮಡಕೆ ತೆಗೆಯೋಕೆ ನಿಮ್ಮಜ್ಜಿ ನನ್ನನ್ನೇ ನೂಕ್ತಿದ್ದಳು. ಕತ್ತಲೂ ನೋಡಿದ್ದೀನಿ, ಇಲಿಯೂ ನೋಡಿದ್ದೀನಿ."

ಇವರಿಗೆ ಫೋನ್ ಮಾಡಿ ಕೇಳಿದೆ. ಮಗಳ ಓದು ಅಂತ ಒಪ್ಪಿದರು. ವಾಲಂಟಿಯರ್ ಫಾರಂಗೆ ಕನ್ನಡದಲ್ಲಿ ಅನುಸೂಯಾ ಅಂತ ಸಹಿ ಹಾಕಿದೆ. ಅದು ಒಂದೇ ಸಹಿ ನನಗೆ ಬರುವುದು.

ಅಕ್ಟೋಬರ್ 8, ಬುಧವಾರ

ಇಳಿದೆ, ಹತ್ತಿದೆ. ಮೊಣಕೈ ತರಚಿದೆ, ಅಷ್ಟೇ.

ಊರಿಂದ ಎರಡು ಮೈಲಿ ಆಚೆ ಲೊರೆಟಾ ಅನ್ನುವ ಅಜ್ಜಿಯ ಜಮೀನು. ಎಪ್ಪತ್ತೆಂಟು ವರ್ಷ, ಒಬ್ಬಳೇ, ಅರವತ್ತು ಮೇಕೆ. ಎದುರಿಗೆ ಮಿಸ್ ಲೊರೆಟಾ ಅನ್ನಬೇಕಂತೆ, ಇಲ್ಲಿಯ ಮರ್ಯಾದೆ. ಅವಳ ನೆಲದಲ್ಲಿ ಒಂದು ದೊಡ್ಡ ಗವಿ, ಎರಡು ಚಿಕ್ಕ ಗವಿ. ದೊಡ್ಡದಕ್ಕೆ ಕಬ್ಬಿಣದ ಬಾಗಿಲು, ಬೀಗ. ನನ್ನನ್ನು ಮೇಲಿಂದ ಕೆಳಗೆ ನೋಡಿ ಅಜ್ಜಿ ನಿಧಾನವಾಗಿ, ನನಗೆ ಅರ್ಥವಾಗುವ ಹಾಗೆ ಹೇಳಿದಳು: "ಕಾಗದ ಪತ್ರ ಏನೂ ಇಲ್ಲ, ಮಾತಿನ ಮೇಲೆ ಬಿಟ್ಟಿದ್ದೀನಿ. ಗವಿ ಇಲ್ಲಿದೆ ಅಂತ ಹೊರಗಿನವರು ಯಾರಿಗೂ ಹೇಳಬಾರದು. ಒಬ್ಬ ಬಂದರೂ ಬಾಗಿಲಿಗೆ ಬೆಸುಗೆ ಹಾಕಿಸ್ತೀನಿ, ನಿನ್ನ ಮಗಳಿಗೂ ಇಲ್ಲ." ಅವಳ ಗಂಡ ಇದ್ದಾಗ ಯಾರೋ ಹುಡುಗರು ನುಗ್ಗಿ ಕಲ್ಲೆಲ್ಲ ಮುರಿದುಕೊಂಡು ಹೋಗಿದ್ದರಂತೆ. ಯಸ್ ಅಂದೆ.

ಮಗಳ ಅಂಗಿ-ಪ್ಯಾಂಟು ಒಂದೇ ಆಗಿರುವ ದಪ್ಪ ಬಟ್ಟೆ, ಹೆಲ್ಮೆಟ್ಟು, ಹಣೆಗೆ ಲೈಟು, ಕೈಗೆ ಗ್ಲವ್ಸು. ಬಳೆ ತೆಗಿ ಅಂದರು. ತೆಗೆಯಲ್ಲ ಅಂದೆ. ಬಳೆ ಮೇಲೆ ಬಟ್ಟೆ ಸುತ್ತಿಕೊಂಡೇ ಇಳಿದೆ.

ಒಳಗೆ ಚಳಿಯೂ ಇಲ್ಲ ಸೆಕೆಯೂ ಇಲ್ಲ. ಹಸಿ ಮಣ್ಣಿನ ವಾಸನೆ. ಮೇಲಿಂದ ಹನಿ ಬೀಳುತ್ತೆ, ಹನಿಯಲ್ಲಿರುವ ಸುಣ್ಣ ಕೂತು ಕೂತು ಕಲ್ಲು ಬೆಳೆಯುತ್ತೆ. ಹನಿಯ ಕೆಳಗೆ ಗಾಜಿನ ಬಿಲ್ಲೆ ಇಟ್ಟಿದ್ದಾರೆ. ಬಿಲ್ಲೆ ಮೇಲೆ ಎಷ್ಟು ಸುಣ್ಣ ಕೂತಿತು, ಹತ್ತು ನಿಮಿಷಕ್ಕೆ ಎಷ್ಟು ಹನಿ ಬಿತ್ತು, ಅದನ್ನು ಬರೆಯಬೇಕು. ಇದಕ್ಕೆ ಡಾಕ್ಟರೇಟು.

ಗವಿಯೊಳಗೆ ಬಾವಲಿಗಳಿವೆ, ಮೈಲಿಗೆ ಅಂತ ಬಂದ ಮೇಲೆ ತಲೆಗೆ ಎರಡು ಸಲ ಸ್ನಾನ ಮಾಡಿ ಒಲೆ ಮುಟ್ಟಿದೆ.

ಅಕ್ಟೋಬರ್ 9, ಗುರುವಾರ

ಮೈಯೆಲ್ಲ ನೋವು. ರಾಯರ ಸ್ತೋತ್ರ ಮಲಗಿಕೊಂಡೇ ಹೇಳಿದೆ.

ಅಕ್ಟೋಬರ್ 14, ಮಂಗಳವಾರ

ಇವತ್ತು ನನ್ನ ಬೆಲೆ ಏನು ಅಂತ ತೋರಿಸಿದೆ. ಎರಡನೇ ಕೋಣೆಯಲ್ಲಿ ನೆಕೇಸಾ ಹನಿ ಎಣಿಸುತ್ತಿದ್ದಳು, ಮಾತಾಡಿ ಮಾತಾಡಿ ತಪ್ಪಿತು. ಮತ್ತೆ ಎಣಿಸಿದಳು, ಮತ್ತೆ ತಪ್ಪಿತು. ಅರವತ್ತಮೂರು ಅಂದೆ ನಾನು. ನಂಬಲಿಲ್ಲ. ಹನಿ ಎಣಿಸುವ ಮೆಷಿನ್ ಬೇರೆ ಕಡೆಯಿಂದ ತಂದಿಟ್ಟು ನೋಡಿದಳು: ಅರವತ್ತಮೂರು.

"ಹೇಗೆ ಮಾಮಾ?"

ಜಪ ಮಾಡುವಾಗ ಬೆರಳ ಗೆಣ್ಣಿನ ಮೇಲೆ ಹೆಬ್ಬೆರಳು ಓಡುತ್ತಲ್ಲ, ಹಾಗೆ. ಬಾಯಿ ಮಾತಾಡಲಿ, ಮನಸ್ಸು ಎಲ್ಲಾದರೂ ಹೋಗಲಿ, ಹೆಬ್ಬೆರಳು ಲೆಕ್ಕ ತಪ್ಪುವುದಿಲ್ಲ. ಎಂಟನೇ ವಯಸ್ಸಿನಿಂದ ಅಭ್ಯಾಸ. ಇನ್ನು ಮೇಲೆ ಮೆಷಿನ್ ಕೆಟ್ಟ ಕಡೆಯೆಲ್ಲ ನಾನೇ ಎಣಿಸುವುದು ಅಂತ ಗಾರ್ಗಿ ಒಪ್ಪಿದಳು. ಮಗಳಿಂದಲೂ ಹೊಗಳಿಸಿಕೊಂಡರೆ ಚೆನ್ನಾಗಿರುತ್ತೆ.

ಅಕ್ಟೋಬರ್ 20, ಸೋಮವಾರ, ದೀಪಾವಳಿ

ಏನು ಬರೆಯಲಿ.

ಮೂರನೇ ಕೋಣೆಗೆ ಇವತ್ತೇ ಮೊದಲು ಹೋದದ್ದು. ಇಪ್ಪತ್ತಡಿ ತೆವಳಬೇಕು, ಆಮೇಲೆ ಎದ್ದು ನಿಲ್ಲಬಹುದು. ಎದ್ದು ನಿಂತು ಲೈಟು ತಿರುಗಿಸಿದೆ. ಎದುರಿಗೆ ಅವನು. ಸೊಂಟದೆತ್ತರ, ದುಂಡಗೆ, ಹಾಲಿನ ಹಾಗೆ ಬಿಳಿ. ಕೆಳಗೆ ಪೀಠ. ಮೇಲಿಂದ ಒಂದೊಂದೇ ಹನಿ ನೆತ್ತಿಗೆ. ಯಾವ ಶಿಲ್ಪಿಯೂ ಮುಟ್ಟಿಲ್ಲ, ಯಾವ ಭಟ್ಟರೂ ಪ್ರತಿಷ್ಠೆ ಮಾಡಿಲ್ಲ.

ನೆಕೇಸಾ ಆಚೆ ಸಂದಿನಲ್ಲಿ ಬಾಟಲಿ ತೆಗೆಯಲು ಹೋಗಿದ್ದಳು. ಬೂಟು ಹಾಕಿಕೊಂಡು ದೇವರ ಮುಂದೆ ನಿಲ್ಲುವುದು ಹೇಗೆ? ಬಿಚ್ಚಿದೆ. ಗ್ಲವ್ಸೂ ತೆಗೆದೆ. ಬರಿಗಾಲಲ್ಲಿ ಹತ್ತಿರ ಹೋಗಿ, ಜೇಬಿನ ಕುಂಕುಮದ ಪೊಟ್ಟಣ ತೆಗೆದು, ಒಂದು ಬೊಟ್ಟು ಇಟ್ಟು ಹಣೆ ಮುಟ್ಟಿಸಿದೆ. ಫೋನಿನಲ್ಲಿ ಒಂದು ಫೋಟೋ. ಆಮೇಲೆ ಬೂಟು ಹಾಕಿಕೊಂಡು ಏನೂ ಆಗದವಳ ಹಾಗೆ ಹನಿ ಎಣಿಸಿದೆ. ನಲವತ್ತೊಂದು. ಅಳು ಬರುತ್ತಿತ್ತು, ಆದರೂ ಲೆಕ್ಕ ತಪ್ಪಲಿಲ್ಲ.

ಮನೆಗೆ ಬಂದು ಇವರಿಗೂ ವಸುಧಾಗೂ ಫೋಟೋ ಕಳಿಸಿದೆ, ಯಾರ ಜಮೀನು ಅಂತಲೂ ಬರೆದೆ. ಹೊರಗಿನವರಿಗೆ ಹೇಳಬಾರದು ಅಂತ ಅಜ್ಜಿ ಹೇಳಿದ್ದು ನೆನಪಿದೆ. ವಸುಧಾ ಹೊರಗಿನವಳೇ? ಹದಿನಾಲ್ಕು ವರ್ಷದಿಂದ ಇರ್ವಿಂಗಿನ ಭಜನೆಯಲ್ಲಿ ನನ್ನ ಪಕ್ಕ ಕೂರುವವಳು. ನಮ್ಮವಳು.

ಅಕ್ಟೋಬರ್ 21, ಮಂಗಳವಾರ

ಇವರು ಬೆಳಿಗ್ಗೆ ತಾವಾಗಿಯೇ ಫೋನ್ ಮಾಡಿದರು. "ಅನುಸೂಯಾ, ನಿನ್ನ ಪುಣ್ಯ ದೊಡ್ಡದು" ಅಂದರು. ಮದುವೆಯಾದಾಗಿನಿಂದ ಈ ಧ್ವನಿಯಲ್ಲಿ ಮಾತಾಡಿಸಿದ್ದು ಇದೇ ಮೊದಲು. ದಿನವಿಡೀ ಅದೇ ಕಿವಿಯಲ್ಲಿತ್ತು. ಹೋಳಿಗೆ ಮಾಡಿದೆ.

ಅಕ್ಟೋಬರ್ 27, ಸೋಮವಾರ

ಸಿಕ್ಕಿಬಿದ್ದೆ. ನೆಕೇಸಾ ಮೂರನೇ ಕೋಣೆಯಲ್ಲಿ ಲೈಟು ಹಾಕಿದವಳು ಹಾಗೇ ನಿಂತುಬಿಟ್ಟಳು. ಕುಂಕುಮ ನೀರಿಗೆ ಇಳಿದು ಮೂರು ಬೆರಳಗಲ ಕೆಂಪಗೆ ಹರಡಿದೆ. ಮುಂದೆ ಬಿಳಿ ನೆಲದ ಮೇಲೆ ನನ್ನ ಎರಡು ಪಾದ, ಬೆರಳು ಸಮೇತ, ಕಂದು ಬಣ್ಣದಲ್ಲಿ. ಲಕ್ಷ್ಮಿ ಬಂದ ಹಾಗೆ.

ಬೈಯಲಿಲ್ಲ. ಬೈದಿದ್ದರೆ ವಾದ ಮಾಡುತ್ತಿದ್ದೆ. ಕೂತು ವಿವರಿಸಿದಳು. ಬರಿಗೈಯಲ್ಲಿ ಮುಟ್ಟಿದರೆ ಚರ್ಮದ ಜಿಡ್ಡು ಕಲ್ಲಿಗೆ ಅಂಟಿಕೊಂಡು, ಆ ಜಾಗದಲ್ಲಿ ಸುಣ್ಣ ಕೂರುವುದೇ ಇಲ್ಲವಂತೆ. ಬೆಳವಣಿಗೆ ನಿಂತುಹೋಗುತ್ತಂತೆ. ಬೂಟು ಹಾಕಿಕೊಂಡು ಗೆರೆ ಹಾಕಿದ ಕಡೆ ಮಾತ್ರ ನಡೆಯಬೇಕು ಅನ್ನುವುದೂ ಅದಕ್ಕೇ. ನಾನು ಮಡಿ ಅಂತ ಬಿಚ್ಚಿದ್ದೇ ಇಲ್ಲಿ ಮೈಲಿಗೆ.

"ಹುಣಸೆಹಣ್ಣು ತರಲಾ? ಹಿತ್ತಾಳೆ ದೇವರು ಫಳಫಳ ಆಗುತ್ತೆ" ಅಂದೆ.

"ಮಾಮಾ! ಹುಳಿ ತಾಗಿದರೆ ಈ ಕಲ್ಲು ಕರಗುತ್ತೆ. ನೀನು ಒಂದು ಸಲ ಉಜ್ಜಿದರೆ ಸಾವಿರ ವರ್ಷ ಹೋಗುತ್ತೆ."

ಬರೀ ಗವಿಯದೇ ನೀರು, ಮೆತ್ತಗಿನ ಹಲ್ಲುಜ್ಜುವ ಬ್ರಷ್ಷು. ಮೂರು ಗಂಟೆ ಇಬ್ಬರೂ ಬಗ್ಗಿ ತೊಳೆದೆವು. ಪಾದ ಹೋಯಿತು. ಕುಂಕುಮ ಪೂರ್ತಿ ಹೋಗಲಿಲ್ಲ, ತಿಳಿಗುಲಾಬಿ ಉಳಿದಿದೆ. ಅಳತೆ ಕೆಡಲಿಲ್ಲವಂತೆ, ಬಿಲ್ಲೆ ಆಚೆ ಮಗ್ಗುಲಲ್ಲಿತ್ತು. ಗಾರ್ಗಿಗೆ ನಾನೇ ಹೇಳಿದೆ. "ಇನ್ನೇನಾದರೂ ಮಾಡಿದ್ದೀಯಾ ಅಮ್ಮ?" ಅಂತ ಇಂಗ್ಲಿಷಿನಲ್ಲಿ ಕೇಳಿದಳು. ಇಲ್ಲ ಅಂದೆ. ಫೋಟೋ ವಿಷಯ ಬಾಯಿಗೆ ಬರಲಿಲ್ಲ.

ಇವರಿಗೆ ಈ ಕಲೆಯ ವಿಷಯ ಹೇಳಿಲ್ಲ. ಹೇಳುವುದೇನಿದೆ.

ನವೆಂಬರ್ 2, ಭಾನುವಾರ

ಚಿಕ್ಕ ಗವಿಯ ಬಾಯಲ್ಲಿ ಕೂತು ನೆಕೇಸಾಳೂ ನಾನೂ ಮೊಸರನ್ನ ತಿಂದೆವು. ಕೈ ತುಂಬ ಮಣ್ಣು, ಚಮಚ ಒಂದೇ. ಅವಳು ತಿಂದು ನನಗೆ ಕೊಟ್ಟಳು, ನಾನು ತಿಂದು ಅವಳಿಗೆ ಕೊಟ್ಟೆ. ಉಪ್ಪಿನಕಾಯಿ ಸ್ವಲ್ಪ ಜಾಸ್ತಿ ಇರಬೇಕಿತ್ತು.

ಅವಳ ಊರಿನ ಮೇಲೂ ಬೆಟ್ಟವಂತೆ, ಬೆಟ್ಟದಲ್ಲಿ ಗವಿಗಳಂತೆ. ಮುಂದಿನ ವರ್ಷ ಅಲ್ಲಿಗೇ ಹೋಗಿ ಇದೇ ಕೆಲಸ ಮಾಡುತ್ತಾಳಂತೆ. "ನಮ್ಮಜ್ಜಿ ಹೇಳ್ತಿದ್ದಳು, ಒಂದು ಗವಿಯಲ್ಲಿ ಹಿರಿಯರು ಇದ್ದಾರೆ ಅಂತ. ಬಾಯಿ ಹತ್ತಿರ ಹಿಟ್ಟು ಇಟ್ಟು ಬರ್ತಿದ್ದಳು."

"ಒಳಗೆ ಹೋಗ್ತಿರಲಿಲ್ಲವಾ?"

"ಯಾಕೆ ಹೋಗಬೇಕು? ಅವರು ಇರೋ ಜಾಗ ಅದು. ನಿಮ್ಮ ಮಾವನವರು ಮಲಗಿರೋ ಕೋಣೆಗೆ ನೀನು ನುಗ್ತೀಯಾ?"

ನಮ್ಮ ಮಾವನವರು ಕೋಣೆಯಲ್ಲಿ ಮಲಗುತ್ತಿರಲಿಲ್ಲ, ಜಗುಲಿ ಮೇಲೆ ಮಲಗಿ ಇಡೀ ಬೀದಿಗೆ ಗೊರಕೆ ಕೇಳಿಸುತ್ತಿದ್ದರು ಅಂದೆ. ಬಿದ್ದು ಬಿದ್ದು ನಕ್ಕಳು. ಆದರೆ ಅವಳ ಮಾತು ತಲೆಯಲ್ಲಿ ಕೂತುಬಿಟ್ಟಿತು.

ನವೆಂಬರ್ 11, ಮಂಗಳವಾರ

ಬೆಳಿಗ್ಗೆ ವಸುಧಾ ಫೋನು. "ಅನುಸೂಯಕ್ಕ, ಪುಳಿಯೋಗರೆ ನಾನು ತರ್ತೀನಿ, ಕೋಸಂಬರಿ ನೀವು ಅಲ್ಲೇ ಮಾಡಿಬಿಡಿ. ಐವತ್ತು ಜನಕ್ಕೆ." ಯಾವ ಐವತ್ತು ಜನ? ಭಜನೆ ಗುಂಪಿನ ವಾಟ್ಸಾಪು ತೆಗೆದು ನೋಡಿದೆ, ನಾನು ಎಂದೂ ಪೂರ್ತಿ ಓದುವವಳಲ್ಲ. ನನ್ನ ಫೋಟೋ. ಕೆಳಗೆ "ಟೆಕ್ಸಾಸ್ ಭೂಗರ್ಭದಲ್ಲಿ ಸ್ವಯಂಭು ಲಿಂಗ, ಬದರಿನಾಥ ಭಟ್ಟರ ನೇತೃತ್ವದಲ್ಲಿ ರುದ್ರಾಭಿಷೇಕ." ಅದರ ಕೆಳಗೆ ನೂರಾರು ಕೈಮುಗಿದ ಚಿತ್ರ.

ಇವರಿಗೆ ಫೋನ್ ಮಾಡಿದೆ.

"ಹೌದು, ಹದಿನಾರಕ್ಕೆ. ಕಾರ್ತಿಕ ಸೋಮವಾರದ ಪೂಜೆ. ಇಲ್ಲಿಂದ ಏಳು ಕಾರು, ಹ್ಯೂಸ್ಟನ್ ಕಡೆ ಶುಗರ್ ಲ್ಯಾಂಡಿನಿಂದ ಮೂರು, ಆಸ್ಟಿನ್ನಿಂದ ಒಂದು."

"ಹದಿನಾರು ಭಾನುವಾರ ಅಲ್ಲವೇನ್ರೀ?"

"ಸೋಮವಾರ ಯಾರಿಗೆ ರಜ ಕೊಡ್ತಾರೆ? ಭಗವಂತ ಅಡ್ಜಸ್ಟ್ ಮಾಡ್ಕೋತಾನೆ."

"ಜಮೀನಿನವಳನ್ನ ಕೇಳಿಲ್ಲ. ಅವಳು ಬಾಗಿಲು ಮುಚ್ಚಿಸಿಬಿಡ್ತಾಳೆ. ಮಗಳ ಮೂರು ವರ್ಷ ಹೋಗುತ್ತೆ."

"ದೇವರ ಕೆಲಸಕ್ಕೆ ಯಾರೂ ಅಡ್ಡ ಬರಲ್ಲ. ಹಾಲು ಇಪ್ಪತ್ತು ಗ್ಯಾಲನ್ ಹೇಳಿದ್ದಾಗಿದೆ. ಜನಕ್ಕೆ ಮಾತು ಕೊಟ್ಟಿದ್ದೀನಿ, ಈಗ ಆಗಲ್ಲ ಅಂದರೆ ನನ್ನ ಮುಖ ಎಲ್ಲಿಡಲಿ? ನೀನು ಸುಮ್ಮನಿರು."

ಇಪ್ಪತ್ತು ಗ್ಯಾಲನ್ ಹಾಲು. ಒಂದು ಚಿಟಿಕೆ ಕುಂಕುಮ ಮೂರು ಗಂಟೆ ತೊಳೆದರೂ ಹೋಗಲಿಲ್ಲ.

ಗಾರ್ಗಿಗೆ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಗೋಡೆ ಕಡೆ ತಿರುಗಿ ಮಲಗಿದಳು. ಚಿಕ್ಕವಳಿದ್ದಾಗ ಜ್ವರ ಬಂದಾಗ ಹಾಗೆ ಮಲಗುತ್ತಿದ್ದಳು.

ನವೆಂಬರ್ 12, ಬುಧವಾರ

ಒಬ್ಬಳೇ ಕಾರು ತೆಗೆದುಕೊಂಡು ಲೊರೆಟಾ ಅಜ್ಜಿಯ ಹತ್ತಿರ ಹೋದೆ. ಮಗಳನ್ನೂ ಕೇಳಲಿಲ್ಲ, ಇವರನ್ನೂ ಕೇಳಲಿಲ್ಲ. ಬಚ್ಚಿಟ್ಟು ಭಾನುವಾರ ಹೇಗೋ ಸಂಭಾಳಿಸಬಹುದಿತ್ತು ಅಂತ ನೆಕೇಸಾ ಆಮೇಲೆ ಅಂದಳು. ಆಗುವುದಿಲ್ಲ. ಯಸ್ ಅಂದವಳು ನಾನು.

ಅಜ್ಜಿ ಮೇಕೆಯ ಗೊರಸು ಕತ್ತರಿಸುತ್ತಿದ್ದಳು. ನನ್ನನ್ನು ನೋಡಿ, "ಕೊಂಬು ಹಿಡಿ" ಅಂದಳು. ಹಿಡಿದುಕೊಂಡೆ. ಹಾಗೇ ಹಿಡಿದುಕೊಂಡು ಎಲ್ಲ ಹೇಳಿದೆ: ಕುಂಕುಮ, ಫೋಟೋ, ಐವತ್ತು ಜನ. ಇಂಗ್ಲಿಷು ಕಾಲು ಮುರಿದುಕೊಂಡು ಓಡಾಡಿತು, ಆದರೂ ಓಡಾಡಿತು.

"ಕರಕೊಂಡು ಬರೋನು ಯಾರು?"

"ನನ್ನ ಯಜಮಾನರು."

"ಹೆಸರು?"

ವೀಸಾ ಆಫೀಸಿನಲ್ಲಿ ಬಿಟ್ಟರೆ ನಾನು ಬಾಯಿಬಿಟ್ಟು ಹೇಳಿದವಳಲ್ಲ. "ಬದರಿನಾಥ" ಅಂದೆ. ಮೇಕೆ ಒದ್ದಿತು.

ಅಜ್ಜಿ ಮೂರು ಕಾಲಿನ ಗೊರಸು ಕತ್ತರಿಸಿ ಮುಗಿಸಿದಳು. "ನಿನಗೇ ಹೇಳಿದ್ದೆ. ನಿನ್ನ ಮುಖ ನೋಡಿಕೊಂಡು."

"ಹೌದು."

"ಭಾನುವಾರ ಹತ್ತಕ್ಕೆ ಚರ್ಚಿಗೆ ಹೋಗ್ತೀನಿ. ಹನ್ನೆರಡಕ್ಕೆ ವಾಪಸ್. ನಾನು ಬರುವಾಗ ನನ್ನ ನೆಲದ ಮೇಲೆ ನಿಮ್ಮವರು ಒಬ್ಬರಿದ್ದರೂ ಸಾಯಂಕಾಲದೊಳಗೆ ಬೆಸುಗೆ. ಪೊಲೀಸರನ್ನ ಕರೆಯಲ್ಲ. ನೀನು ತಂದದ್ದು, ನೀನೇ ತೆಗಿ." ಆಮೇಲೆ, "ಇನ್ನೊಂದು ಕಾಲಿದೆ, ಬಿಡಬೇಡ" ಅಂದಳು.

ನವೆಂಬರ್ 13, ಗುರುವಾರ

ಗುಂಪಿಗೆ ಬರೆದೆ: ಬರಬೇಡಿ, ಗವಿಗೆ ಪ್ರವೇಶ ಇಲ್ಲ. ಹತ್ತು ನಿಮಿಷದಲ್ಲಿ ಇವರು ಕೆಳಗೆ ಬರೆದರು: ಏರ್ಪಾಡು ಆಗಿದೆ, ಎಲ್ಲರೂ ಬನ್ನಿ. ಅದಕ್ಕೆ ಮತ್ತೆ ಕೈಮುಗಿದ ಚಿತ್ರಗಳು. ಇವರ ಫೋನು ನಾಲ್ಕು ಸಲ ಬಂತು, ಕೋಸಂಬರಿಗೆ ಬೇಳೆ ನೆನೆಹಾಕುತ್ತಿದ್ದೆ. ಬರುವವರು ಬರುತ್ತಾರೆ, ಹಸಿದು ಹೋಗಬಾರದು.

ನವೆಂಬರ್ 16, ಭಾನುವಾರ

ಒಂಬತ್ತಕ್ಕೇ ಜಮೀನಿನ ಗೇಟಿನ ಹತ್ತಿರ ನಿಂತೆ. ಸೀರೆ, ಮೇಲೆ ಸ್ವೆಟರು, ಕಾಲಿಗೆ ಗವಿಯ ಬೂಟು. ನೆಕೇಸಾ ಗವಿಯ ಬಾಯಲ್ಲೇ ಕೂತಿದ್ದಳು, ಹಿಂದಿನ ದಾರಿಯಿಂದ ಯಾರಾದರೂ ಬಂದರೆ ಅಂತ. ಹತ್ತಕ್ಕೆ ಅಜ್ಜಿಯ ಟ್ರಕ್ಕು ನನ್ನ ಪಕ್ಕದಲ್ಲೇ ದಾಟಿತು, ತಿರುಗಿ ನೋಡಲಿಲ್ಲ.

ಹತ್ತೂಕಾಲಿಗೆ ಸಾಲು ಬಂತು. ಮುಂದೆ ವಸುಧಾ ಕಾರು, ಹಿಂದೆ ಇವರದು. ಪಂಚೆ ಮೇಲೆ ಜಾಕೆಟ್ಟು, ಕೈಯಲ್ಲಿ ತಾಮ್ರದ ತಂಬಿಗೆ. ಒಬ್ಬೊಬ್ಬರೇ ಇಳಿದರು.

"ಗೇಟು ತೆಗಿ" ಅಂದರು ಇವರು.

"ತೆಗೆಯಲ್ಲ."

"ಎಲ್ಲರ ಎದುರಿಗೆ ನಾಟಕ ಬೇಡ ಅನುಸೂಯಾ."

"ಅದಕ್ಕೇ ಗುರುವಾರವೇ ಹೇಳಿದೆ."

ಶುಗರ್ ಲ್ಯಾಂಡಿನ ಭೀಮಸೇನ ರಾಯರು ಮುಂದೆ ಬಂದರು, ದೊಡ್ಡ ಡಾಕ್ಟರು, ಸಭ್ಯರು. "ಅನುಸೂಯಮ್ಮ, ನಾಲ್ಕು ಗಂಟೆ ಡ್ರೈವ್ ಮಾಡಿದ್ದೀವ್ರಿ. ಐದೇ ನಿಮಿಷ. ದರ್ಶನ ಮಾಡಿ ಬಂದುಬಿಡ್ತೀವಿ. ಯಾರೂ ಮುಟ್ಟಂಗಿಲ್ಲ."

"ನಾನೂ ಮುಟ್ಟಬೇಕು ಅಂತ ಹೋದವಳಲ್ಲ ರಾಯರೇ. ಮುಟ್ಟಿದೆ."

ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದೆ. ಇವರಿಗೂ ಆಗಲೇ ಗೊತ್ತಾದದ್ದು. ಬೂಟು ಬಿಚ್ಚಿದ್ದು, ಬೊಟ್ಟು ಇಟ್ಟದ್ದು, ಮೂರು ಗಂಟೆ ತೊಳೆದದ್ದು, ಕಲೆ ಇನ್ನೂ ಇರುವುದು. "ನಾನು ಬೆರಳಿಟ್ಟ ಕಡೆ ಅವನು ಇನ್ನು ಬೆಳೆಯಲ್ಲ. ಒಂದು ಬೆರಳಿಗೇ ಹೀಗೆ. ನೀವು ಐವತ್ತು ಜನ, ಇಪ್ಪತ್ತು ಗ್ಯಾಲನ್ ಹಾಲು. ಇವತ್ತು ಒಳಗೆ ಹೋದರೆ ನನ್ನ ಮಗಳ ಓದು ಹೋಯಿತು, ಅದು ನನ್ನ ಸಂಕಟ. ಅವನೂ ಹೋದ, ಅದು ನಿಮ್ಮದು."

ಯಾರೋ ಹಿಂದಿನಿಂದ, "ಹಾಗಾದರೆ ಪೂಜೆಯೇ ಇಲ್ಲದೆ ಇರಬೇಕಾ ಅಲ್ಲಿ?" ಅಂದರು.

"ಹತ್ತು ನಿಮಿಷಕ್ಕೆ ನಲವತ್ತೊಂದು ಸಲ ಅಭಿಷೇಕ ನಡೀತಾ ಇದೆ. ಹಗಲೂ ರಾತ್ರಿ. ನಾನೇ ಎಣಿಸಿದ್ದೀನಿ. ನಿಮ್ಮ ದೇವಸ್ಥಾನದಲ್ಲಿ ಅಷ್ಟು ಮಾಡ್ತಾರಾ?"

ವಸುಧಾ ಮೊದಲು ನಕ್ಕಳು. ರಾಯರು ನಗಲಿಲ್ಲ. ಕಾರು ಹತ್ತಿದರು, ಅವರ ಹಿಂದೆ ಶುಗರ್ ಲ್ಯಾಂಡಿನ ಇನ್ನೊಂದು ಕಾರೂ ಹೋಯಿತು. ಅವರಿಗೆ ಕೋಸಂಬರಿ ಕೊಡಲೂ ಆಗಲಿಲ್ಲ.

"ಊರಲ್ಲಿ ಹಳ್ಳದ ಪಕ್ಕ ಪಾರ್ಕಿದೆ" ಅಂದೆ ಉಳಿದವರಿಗೆ. "ಹಳ್ಳದ ಮಣ್ಣಿದೆ. ಮಣ್ಣಿನ ಲಿಂಗ ಮಾಡಿ ಪೂಜೆ ಮಾಡಿ ನೀರಿಗೆ ಬಿಡೋದು ನಮ್ಮ ಶಾಸ್ತ್ರದಲ್ಲೇ ಇಲ್ಲವಾ? ಕಾರು ತಿರುಗಿಸಿ."

ತಿರುಗಿಸಿದರು. ಇವರು ಕಡೆಗೆ. ನನ್ನ ಮುಖ ನೋಡದೆ, "ನಿನಗೆ ಇಷ್ಟು ಧೈರ್ಯ ಯಾರು ಕೊಟ್ಟರು?" ಅಂದರು. ನಿಜವಾಗಿ ಕೇಳಿದ ಹಾಗಿತ್ತು. ಸಮಯ ಹನ್ನೊಂದಾಗುತ್ತಿತ್ತು, ಬೇಗ ಹೊರಡಿ ಅಂದೆ.

ಪಾರ್ಕಿನಲ್ಲಿ ಹೆಂಗಸರೆಲ್ಲ ಸೀರೆ ಎತ್ತಿ ಕಟ್ಟಿ ಹಳ್ಳಕ್ಕಿಳಿದರು. ಇವರು ಕಾರಿನಲ್ಲೇ ಕೂತಿದ್ದರು. ನಾನೂ ವಸುಧಾಳೂ ಮಣ್ಣು ಕಟ್ಟಿದರೆ ಕುಸಿಯಿತು, ಮತ್ತೆ ಕಟ್ಟಿದರೆ ವಾಲಿತು, ಮಕ್ಕಳು ಪೀಸಾ ಗೋಪುರ ಅಂತ ನಕ್ಕವು. ಕಾರಿನ ಬಾಗಿಲು ತೆಗೆದ ಸದ್ದು. ಇವರು ಬಂದು ನನ್ನ ಕೈಯಿಂದ ಮಣ್ಣು ಕಿತ್ತುಕೊಂಡರು.

"ಇಷ್ಟು ನೀರು ಹಾಕಿದರೆ ನಿಲ್ಲುತ್ತೇನೆ? ಕೊಡಿಲ್ಲಿ."

ಕಟ್ಟಿದರು. ನಿಂತಿತು. ಇಲ್ಲಿ ಜಂಬೂದ್ವೀಪದ ಬದಲು ಹೇಳುವ ಕ್ರೌಂಚದ್ವೀಪ ಅಂತ ಸಂಕಲ್ಪ ಶುರುಮಾಡಿದರು, ಧ್ವನಿ ಮೊದಲು ಒರಟಾಗಿತ್ತು, ಆಮೇಲೆ ಸರಿಹೋಯಿತು. ತಂಬಿಗೆಯ ಹಾಲು ಮಾತ್ರ ಎರೆದರು, ಉಳಿದದ್ದನ್ನು ಹಾಗೇ ಡಬ್ಬಿಯಲ್ಲಿ ಬಿಟ್ಟರು.

ಹನ್ನೊಂದೂವರೆಗೆ ಎಣಿಸಿದೆ, ಆಸ್ಟಿನ್ ಕಾರು ಇಲ್ಲ. ನೆಕೇಸಾಗೆ ಫೋನ್ ಮಾಡಿದರೆ ನಗುತ್ತಿದ್ದಳು. ಇಬ್ಬರು ಹುಡುಗರು ಹಿಂದಿನ ಬೇಲಿ ದಾಟಿ ತೆಂಗಿನಕಾಯಿ ಹಿಡಿದುಕೊಂಡು ಬಂದಿದ್ದರಂತೆ. "ಬನ್ನಿ ಬನ್ನಿ, ಒಳಗಿರೋ ಹಾವುಗಳಿಗೂ ಹ್ಯಾಪಿ ಕಾರ್ತಿಕ ಹೇಳಿ ಅಂದೆ ಮಾಮಾ. ತೆಂಗಿನಕಾಯಿ ಇಲ್ಲೇ ಬಿಟ್ಟು ಓಡಿದರು." ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಆ ಹುಡುಗರು ಪಾರ್ಕಿಗೆ ಬಂದು ತಲೆ ತಗ್ಗಿಸಿಕೊಂಡು ಪುಳಿಯೋಗರೆಗೆ ನಿಂತರು.

ಚರ್ಚು ಬಿಟ್ಟಿತು. ಅಜ್ಜಿಯ ಟ್ರಕ್ಕು ಪಾರ್ಕಿನ ಮುಂದೆ ನಿಧಾನವಾಗಿ ದಾಟಿ ಹೋಯಿತು. ನಿಲ್ಲಿಸಲಿಲ್ಲ.

ಇವರು ಹೊರಡುವಾಗ, "ಆ ಕಲೆ ಹೋಗೋದೇ ಇಲ್ಲವಾ?" ಅಂತ ಕೇಳಿದರು. ಗೊತ್ತಿಲ್ಲ ಅಂದೆ.

ನವೆಂಬರ್ 17, ಸೋಮವಾರ

ಬೆಳಿಗ್ಗೆ ಗೇಟಿನ ಹತ್ತಿರ ಅಜ್ಜಿ ಕಾಯುತ್ತಿದ್ದಳು. "ನಿನ್ನ ಮಗಳ ಕೆಲಸ ಮುಗಿಯೋವರೆಗೆ. ಡಿಸೆಂಬರ್ ಹತ್ತು. ಹನ್ನೊಂದಕ್ಕೆ ಬೆಸುಗೆ, ಆಮೇಲೆ ಯಾರಿಗೂ ಇಲ್ಲ. ನನಗೂ ಇಲ್ಲ" ಅಂದಳು. ಫೋಟೋ ಹೊರಗೆ ಹೋಗಿದೆ, ಇನ್ನು ಬೀಗ ಸಾಲದಂತೆ. ಸರಿಯೇ ಅನ್ನಿಸಿತು. ಬಾವಲಿಗೆ ದಾರಿ ಬಿಡುತ್ತಾಳಂತೆ, ಕಬ್ಬಿಣದ ಸಂದಿಯಲ್ಲಿ.

ಗಾರ್ಗಿಗೆ ಹೇಳಿದೆ. ಕೂತಲ್ಲಿಂದಲೇ ನನ್ನ ಸೊಂಟ ತಬ್ಬಿಕೊಂಡಳು. ಗುರುವಾರ ಪ್ಲಾಸ್ಟರ್ ತೆಗೆಯುತ್ತಾರೆ. "ಅಮ್ಮ, ಮುಂದಿನ ವಾರದಿಂದ ಹುಡುಗರು ಯಾರಾದರೂ ಬರ್ತಾರೆ. ನೀನು ಇರ್ವಿಂಗಿಗೆ ಹೋಗಬಹುದು" ಅಂದಳು. ಹುಡುಗರು ಹತ್ತು ನಿಮಿಷ ಬಾಯಿ ಮುಚ್ಚಿಕೊಂಡು ಎಣಿಸುತ್ತಾರಾ ಅಂತ ಕೇಳಿದೆ. ಸಾಯಂಕಾಲ ಇವರು ಫೋನ್ ಮಾಡಿ ಯಾವಾಗ ಬರುತ್ತೀಯ ಅಂದರು. ಹತ್ತನೇ ತಾರೀಖು ಆದ ಮೇಲೆ ಅಂದೆ. ಆಮೇಲೆ ಬಿಸಿಬೇಳೆಬಾತಿಗೆ ಪುಡಿ ಎಷ್ಟು ಚಮಚ ಅಂತ ಕೇಳಿದರು. ಹೇಳಿದೆ.

ಮೂರನೇ ಕೋಣೆ ಇವತ್ತು ಮೂವತ್ತೆಂಟು. ಮಳೆಯಿಲ್ಲ, ಮೂರು ಹನಿ ಕಮ್ಮಿ. ಗ್ಲವ್ಸು ಹಾಕಿಕೊಂಡು, ಗೆರೆಯ ಈಚೆ ನಿಂತು ಎಣಿಸಿದೆ. ನೆಕೇಸಾ ತೆಂಗಿನಕಾಯಿ ಹುಡುಗರ ಓಟ ಮಾಡಿ ತೋರಿಸಿ ನಗಿಸುತ್ತಿದ್ದಳು, ಆದರೂ ತಪ್ಪಲಿಲ್ಲ.

ಈಗ ಬರೆಯುತ್ತಾ ನೆನಪಾಯಿತು, ಇವತ್ತು ಕಡೇ ಕಾರ್ತಿಕ ಸೋಮವಾರ. ಉಪವಾಸದ ದಿನ, ಬೆಳಿಗ್ಗೆ ನಾಲ್ಕು ಇಡ್ಲಿ ತಿಂದೇ ಇಳಿದಿದ್ದೆ. ಅವನ ಮುಂದೆ ಅಷ್ಟು ಹೊತ್ತು ನಿಂತೂ ಕೈ ಮುಗಿದೆನೋ ಇಲ್ಲವೋ ತಿಳಿಯದು. ಒಂದು ಕೈಯಲ್ಲಿ ಲೈಟಿತ್ತು, ಇನ್ನೊಂದರಲ್ಲಿ ಎಣಿಕೆ.

ನಾಳೆ ಚಿಕ್ಕ ಗವಿ. ಬ್ಯಾಟರಿ ಚಾರ್ಜಿಗೆ ಹಾಕಬೇಕು.